120 ಮೀಟರ್ ಪ್ರೀಸ್ಟ್ರೆಸ್ಡ್ ಸ್ಲ್ಯಾಬಿನ ನಡುವೆ ಅಡ್ಡ ಬಿರುಕು: ಲಾರಿಯ ಭಾರವೋ, ತಾಪದ ಎಳೆತವೋ?

ಪ್ರಶ್ನೆ: ಗೋದಾಮಿನ ಅಂಗಳಕ್ಕೆ 120 ಮೀಟರ್ ಉದ್ದ, 150 ಮಿಲಿಮೀಟರ್ ದಪ್ಪದ ಪ್ರೀಸ್ಟ್ರೆಸ್ಡ್ (ಒಳಗಿನ ಉಕ್ಕನ್ನು ಎಳೆದು ಕಟ್ಟಿ, ಮೊದಲೇ ಒತ್ತಿಹಿಡಿದ) ಕಾಂಕ್ರೀಟ್ ಸ್ಲ್ಯಾಬ್ ಹಾಕಿಸಿದ್ದೇವೆ. ತುದಿಗಳಲ್ಲಿ ಕೊಟ್ಟಿರುವ ಪ್ರೀಸ್ಟ್ರೆಸ್ 1.9 ಮೆಗಾಪಾಸ್ಕಲ್. ಲಾರಿಗಳ ಓಡಾಟ ಆರಂಭವಾದ ತಿಂಗಳೊಳಗೆ ನಡುಭಾಗದಲ್ಲಿ ಮೂರು ಅಡ್ಡ ಬಿರುಕುಗಳು ಕಣ್ಣಿಗೆ ಬಿದ್ದವು. ಚಕ್ರದ ಭಾರದಿಂದ ಬರುವ ಎಳೆತವನ್ನು 1.3 ಮೆಗಾಪಾಸ್ಕಲ್ ಎಂದು ಲೆಕ್ಕ ಹಾಕಿದ್ದೆ. ಅದು ಪ್ರೀಸ್ಟ್ರೆಸ್‌ಗಿಂತ ಕಡಿಮೆ ಇದ್ದರೂ ಬಿರುಕು ಬಂದದ್ದೇಕೆ ಎಂದು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಲೆಕ್ಕದಲ್ಲಿ ತಳದ ಘರ್ಷಣೆಯೇ ಇಲ್ಲ. ಸ್ಲ್ಯಾಬ್ ತಣಿದು ಕುಗ್ಗುವಾಗ ತಳಪದರ ಅದನ್ನು ಹಿಡಿದಿಡುತ್ತದೆ, ಆ ಎಳೆತ ತುದಿಯಿಂದ ನಡುವಿನವರೆಗೆ ಕೂಡುತ್ತಾ ಹೋಗುತ್ತದೆ. ಘರ್ಷಣಾಂಕ 1.5, ಕಾಂಕ್ರೀಟಿನ ತೂಕ ಘನಮೀಟರಿಗೆ 24 ಕಿಲೋನ್ಯೂಟನ್, ಅರ್ಧ ಉದ್ದ 60 ಮೀಟರ್ ಎಂದರೆ ನಡುವೆ 2.16 ಮೆಗಾಪಾಸ್ಕಲ್‌ವರೆಗೆ ಬರಬಹುದು. ಅಲ್ಲಿಗೆ ನಿಮ್ಮ 1.9 ಪೂರ್ತಿ ಕರಗಿತು. ರಾತ್ರಿ ಮೇಲ್ಮೈ ತಳಕ್ಕಿಂತ 8 ಡಿಗ್ರಿ ತಂಪಾದರೆ ಮೇಲ್ಮುಖದಲ್ಲಿ ಇನ್ನೂ ಸುಮಾರು 1.2 ಸೇರುತ್ತದೆ. ಹಗಲಿನಲ್ಲಿ ಸ್ಲ್ಯಾಬ್ ಹಿಗ್ಗುವಾಗ ಅದೇ ಘರ್ಷಣೆ ಒತ್ತಡವಾಗಿ ತಿರುಗಿ ನೆರವಿಗೆ ಬರುವುದರಿಂದ, ಮಧ್ಯಾಹ್ನದ ಬಾಗುವಿಕೆಗೆ ರಾತ್ರಿಯ ಘರ್ಷಣೆಯನ್ನು ಕೂಡಿಸುವುದು, ಹಲವರು ಹಾಗೆ ಮಾಡಿದರೂ, ನನ್ನ ಮಟ್ಟಿಗೆ ಸರಿಯಲ್ಲ. ರಾತ್ರಿಯ ಘರ್ಷಣೆ 2.16, ಮೇಲ್ಮೈ ತಂಪು 1.2, ಚಕ್ರದ 1.3 ಎಲ್ಲ ಸೇರಿಸಿ ಪ್ರೀಸ್ಟ್ರೆಸ್ 1.9 ಕಳೆದರೂ ಸುಮಾರು 2.8 ಆಗುತ್ತದೆ. ಪೂರ್ತಿ ಬಲಿತ ಕಾಂಕ್ರೀಟಿನ ಬಾಗುಬಲ (ಬಾಗುವಾಗ ಒಡೆಯದೆ ತಾಳುವ ಎಳೆತ) ಸಾಮಾನ್ಯವಾಗಿ 4.5ರ ಆಸುಪಾಸಿನಲ್ಲಿರುವುದರಿಂದ, ಒಂದೇ ತಿಂಗಳಲ್ಲಿ ಒಡೆದದ್ದಕ್ಕೆ ಲಾರಿಯನ್ನು ದೂರಲು ನನಗೆ ಮನಸ್ಸಿಲ್ಲ. ಟೆಂಡನ್‌ಗಳನ್ನು (ಪ್ರೀಸ್ಟ್ರೆಸ್ ಕೊಡುವ ಉಕ್ಕಿನ ಎಳೆಗಳನ್ನು) ಎಂದು ಎಳೆದಿರಿ? ಬಿರುಕಿನ ಮೇಲೆ ಕೋರ್ (ಕೊರೆದು ತೆಗೆಯುವ ಉರುಳೆಯಾಕಾರದ ಕಾಂಕ್ರೀಟ್ ತುಂಡು) ತೆಗೆದು ನೋಡಿದ್ದೀರಾ?

ಪ್ರಶ್ನೆ ಕೇಳಿದವರು: ಏಳನೆಯ ದಿನ ಒಮ್ಮೆಗೇ ಎಳೆದೆವು. ಈಗ ತೆಗೆದ ಕೋರಿನಲ್ಲಿ ಬಿರುಕು ಮೇಲಿನಿಂದ ತಳದವರೆಗೂ ಒಂದೇ ಅಗಲವಾಗಿದೆ. ಅಡಿಯಲ್ಲಿ ಒಂದೇ ಪದರ ಪಾಲಿಥೀನ್ ಹಾಸಿದ್ದೆವು. ಅದೂ ಅಲ್ಲಲ್ಲಿ ಹರಿದಿತ್ತು.

ಉತ್ತರ: ಬಾಗಿ ಒಡೆದಿದ್ದರೆ ಬಿರುಕು ಒಂದು ಮುಖದಲ್ಲಿ ಅಗಲವಾಗಿ ಇನ್ನೊಂದರತ್ತ ಸಣ್ಣದಾಗುತ್ತಿತ್ತು. ಇದು ನೇರ ಎಳೆತದ ಬಿರುಕು. ಬಹುಮಟ್ಟಿಗೆ ಟೆಂಡನ್ ಎಳೆಯುವ ಮೊದಲೇ, ಕಾಂಕ್ರೀಟ್ ಇನ್ನೂ ಎಳಸಾಗಿದ್ದ ಮೊದಲ ರಾತ್ರಿಗಳಲ್ಲಿ ಹುಟ್ಟಿ, ಲಾರಿಗಳು ಓಡಿದ ಮೇಲೆ ಕಣ್ಣಿಗೆ ಬಿದ್ದಿದೆ. ಉದ್ದವೇ ತಪ್ಪಲ್ಲ: ಟೆಕ್ಸಾಸಿನಲ್ಲಿ 1985ರಲ್ಲಿ ಇದೇ ದಪ್ಪದ ಸ್ಲ್ಯಾಬನ್ನು 134 ಮೀಟರ್‌ವರೆಗೂ ಹಾಕಿದ್ದಾರೆ. ಮುಂದಿನ ಸ್ಲ್ಯಾಬಿಗೆ ತಳವನ್ನು ನುಣುಪಾಗಿಸಿ ಎರಡು ಪದರ ಪಾಲಿಥೀನ್ ಹಾಸಿರಿ, ಘರ್ಷಣಾಂಕ 0.6ಕ್ಕೆ ಇಳಿದರೆ 2.16 ಇದ್ದದ್ದು 0.86 ಆಗುತ್ತದೆ. ಆಂಕರ್ (ಟೆಂಡನ್ ತುದಿಯನ್ನು ಹಿಡಿದಿಡುವ ಭಾಗ) ಬಳಿಯ ಕಾಂಕ್ರೀಟ್ ತಾಳುವಷ್ಟು ಬಲಿತ ಕೂಡಲೇ, ಸಾಧ್ಯವಾದರೆ ಮೊದಲ ರಾತ್ರಿಯೊಳಗೇ, ಸ್ವಲ್ಪ ಭಾಗ ಎಳೆದು ಉಳಿದದ್ದನ್ನು ಆಮೇಲೆ ಎಳೆಯಿರಿ. ಈಗಿನ ಬಿರುಕುಗಳಿಗೆ, ಅವು ಹೆಚ್ಚು ತೆರೆದಿರುವ ನಸುಕಿನಲ್ಲಿ ಎಪಾಕ್ಸಿ ತುಂಬಿಸಬಹುದು.