ಪದಚರ್ಚೆ: ಪ್ರಾರ್ಥನಾ ಕೋಣೆಯ ಫಲಕಕ್ಕೆ ಕರುಣೆಯೋ ಕೃಪೆಯೋ? ನಿರೀಕ್ಷೆಯೋ ಭರವಸೆಯೋ?

ಪ್ರಶ್ನೆ:
ಆಸ್ಪತ್ರೆಯೊಂದರ ಪ್ರಾರ್ಥನಾ ಕೋಣೆಗೆ ಫಲಕ ಬರೆಸಬೇಕಿದೆ. ವಾಕ್ಯ ಬೈಬಲಿನ ಹಳೆ ಒಡಂಬಡಿಕೆಯ ಪ್ರಲಾಪಗಳು 3:22-23, ದೇವರ ‘ಹೆಸೆದ್’ ತೀರದು, ಬೆಳಗು ಬೆಳಗಿಗೂ ಹೊಸತು ಎನ್ನುವುದು. ಎರಡೇ ಸಾಲು, ಸಾಲಿಗೆ ಹೆಚ್ಚೆಂದರೆ 12 ಅಕ್ಷರ. ಹೀಬ್ರೂವಿನ ‘ಹೆಸೆದ್’ಗೆ ಕರುಣೆ, ಕೃಪೆ, ದಯೆ ಮೂರೂ ಬಳಕೆಯಲ್ಲಿವೆ. ಯಾವುದು ಸರಿ? ತಲೆಬರಹ ‘ನಿರೀಕ್ಷೆ’ ಎಂದಿರಲೋ ‘ಭರವಸೆ’ ಎಂದೋ? ಬರೆಯುವವರಿಗೆ ನಾಳೆ ಬೆಳಗ್ಗೆಯೇ ಕೊಡಬೇಕು.

ಉತ್ತರ 1:
ಕೃಪೆ ಬೇಡ, ಕರುಣೆ ಇರಲಿ. ಹೊಸ ಒಡಂಬಡಿಕೆಯ ಇಬ್ರಿಯ 4:16ರಲ್ಲಿ ‘ಎಲೆಯೊಸ್’, ‘ಖಾರಿಸ್’ ಎಂಬ ಗ್ರೀಕ್ ಪದಗಳೆರಡೂ ಒಟ್ಟಿಗೆ ಬರುತ್ತವೆ. ಮೊದಲನೆಯದು ಕರುಣೆ, ಎರಡನೆಯದು ಕೃಪೆ. ಹಳೆ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದದಲ್ಲಿ ಹೆಸೆದ್ ಬಹುತೇಕ ಎಲ್ಲ ಕಡೆ ಎಲೆಯೊಸ್ ಆಗಿದೆ. ಎರಡನ್ನೂ ಕಲಸಿದರೆ ಇಬ್ರಿಯದ ಆ ವಾಕ್ಯ ಒಡೆಯುತ್ತದೆ.

ಉತ್ತರ 2:
ಕೀರ್ತನೆ 136ರ ಪಲ್ಲವಿಯಲ್ಲಿ ಹೆಸೆದ್ 26 ಸಲ ಬರುತ್ತದೆ, ಅಲ್ಲಿ ಸಭೆ ಹೇಳಿಕೊಂಡು ಬಂದದ್ದು ಕೃಪೆ ಎಂದೇ. ಅದಿರಲಿ, ಮೂರೂ ಸಂಸ್ಕೃತ. ‘ಮರುಗು’ವಿನಿಂದ ಬಂದ ‘ಮರುಕ’ ಇರುವಾಗ ಎರವಲೇಕೆ? ಭರವಸೆಗೆ ‘ನೆಚ್ಚಿಕೆ’. ‘ಕರುಣೆ’ಯೂ ನಮ್ಮ ‘ಕರುಳಿ’ನಿಂದಲೇ ಸಂಸ್ಕೃತಕ್ಕೆ ಹೋದದ್ದು.

ಉತ್ತರ 3:
ಕರುಣೆ ಕರುಳಿನಿಂದ ಹುಟ್ಟಿತು ಎನ್ನಲು ಆಧಾರವಿಲ್ಲ. ಉಲಿ ಹೋಲಿದ ಮಾತ್ರಕ್ಕೆ ವ್ಯುತ್ಪತ್ತಿ ಆಗದು.

ಆದರೆ ಕರುಳನ್ನು ಕೈಬಿಡಬೇಡಿ. ಲೂಕ 1:78ರ ಗ್ರೀಕ್ ಮೂಲದಲ್ಲಿ ‘ಸ್ಪ್ಲಾಂಖ್ನ’ ಎಂದಿದೆ, ಅಕ್ಷರಶಃ ಕರುಳು. ತಪ್ಪಿಹೋದ ಮಗನನ್ನು ದೂರದಿಂದ ಕಂಡ ತಂದೆಗೆ (ಲೂಕ 15:20) ಆದದ್ದೂ ಅದರಿಂದಲೇ ಹುಟ್ಟಿದ ಕ್ರಿಯಾಪದ. ಪ್ರಲಾಪ 3:22ರಲ್ಲೇ ಹೆಸೆದ್ ಜೊತೆಗೆ ‘ರಹಮೀಮ್’ ಇದೆ, ಗರ್ಭ ಎಂಬರ್ಥದ ‘ರೆಹೆಮ್’ಗೆ ನಂಟಿನದು. ಮರುಕ ಅಲ್ಲಿಗೆ ಹೊಂದೀತು. ಹೆಸೆದ್‌ಗೆ ಖಂಡಿತ ಇಲ್ಲ. ಮರುಕ ಕಂಡಾಗ ಹುಟ್ಟುತ್ತದೆ, ಕಣ್ಮರೆಯಾದಾಗ ಆರುತ್ತದೆ. ಹೆಸೆದ್ ಒಡಂಬಡಿಕೆಗೆ, ಅಂದರೆ ದೇವರು ತನ್ನ ಜನರಿಗೆ ಕೊಟ್ಟ ಮಾತಿಗೆ, ಕಟ್ಟುಬಿದ್ದದ್ದು. ಯೆರೂಸಲೇಮ್ ಬಿದ್ದು ದೇವಾಲಯ ಸುಟ್ಟ ಮೇಲಿನ ಗೋಳು ಈ ಪ್ರಲಾಪ. ಅಷ್ಟು ಕಳೆದುಕೊಂಡವರಿಗೆ ಕೊಟ್ಟ ಮಾತು ಬಿಡದ ದೇವರು ಬೇಕು.

ಉತ್ತರ 2:
ಹಾಗಾದರೆ ಕನ್ನಡಕ್ಕೆ ಆ ಶಕ್ತಿ ಇಲ್ಲವೆಂದೇ? ಬಳಸದೆ ಪದ ಬೆಳೆಯುವುದು ಹೇಗೆ?

ಉತ್ತರ 3:
ಬೆಳೆಸಿ, ಆದರೆ ಬೇರೆಡೆ. ನೊಂದವರು ನಿಘಂಟು ಹುಡುಕುವಂತಾಗಬಾರದು. ತಲೆತಲಾಂತರದಿಂದ ಅತ್ತು ಪ್ರಾರ್ಥಿಸಿದ ನಾಲಿಗೆಗೆ ‘ಕರುಣೆ’ ಎರವಲಲ್ಲ.

ಉತ್ತರ 1:
ತಲೆಬರಹದ ಮಾತು. ಪ್ರಲಾಪ 3ರ 18ನೇ ವಚನದಲ್ಲಿ ‘ನನ್ನ ನಿರೀಕ್ಷೆ ಅಳಿಯಿತು’ ಎನ್ನುವ ಅದೇ ಬಾಯಿ 21ರಲ್ಲಿ ‘ನಿರೀಕ್ಷಿಸುತ್ತೇನೆ’ ಎನ್ನುತ್ತದೆ. ಹೀಬ್ರೂವಿನಲ್ಲಿ ಎರಡಕ್ಕೂ ಒಂದೇ ಧಾತು, ಕಾಯುವುದು ಎಂಬ ಅರ್ಥ. ನಡುವೆ ಕಷ್ಟವೇನೂ ತೀರಿಲ್ಲ, ನೆನಪು ಮಾತ್ರ ಕರುಣೆಯತ್ತ ತಿರುಗಿದೆ. ಅನುವಾದದೊಳಗಾದರೆ ಎರಡು ಕಡೆಯೂ ನಿರೀಕ್ಷೆಯೇ ಇರಬೇಕು. ಗೋಡೆಯ ಮೇಲೆ ಬಿಡಿಯಾಗಿ ನಿಂತರೆ ಆ ಪದ ಈಗ ಫಲಿತಾಂಶದ ನಿರೀಕ್ಷೆ, ವೈದ್ಯರ ನಿರೀಕ್ಷೆ ಎಂಬಂತೆ ಕೇಳಿಸುತ್ತದೆ. ಆಸ್ಪತ್ರೆಯಲ್ಲಂತೂ ಬೇಡವೇ ಬೇಡ. ‘ಭರವಸೆ’ ಹಾಕಿ. ಅದು ದೇವರು ಕೊಡುವುದೂ ಹೌದು, ನಾವು ಇಡುವುದೂ ಹೌದು.

ಸಾಲುಗಳು ಹೀಗಿರಲಿ:

ಕರ್ತನ ಕರುಣೆ ಮುಗಿಯದು
ಬೆಳಗು ಬೆಳಗಿಗೂ ಹೊಸತು

ಎರಡಕ್ಕೂ ಹತ್ತತ್ತು ಅಕ್ಷರ. ‘ಮುಗಿಯದು’ ಬಿಟ್ಟು ‘ಅಪಾರ’ ಎಂದು ಹಾಕಬೇಡಿ, ಮೂಲದಲ್ಲಿರುವುದು ಅಳತೆಯಲ್ಲ, ತೀರಿಹೋಗಿಲ್ಲ ಎಂಬ ಮಾತು. ‘ಕರ್ತನ’ದ ಅರ್ಕಾವೊತ್ತು ಬಿಟ್ಟುಹೋದರೆ ‘ಕತನ’ ಆಗುತ್ತದೆ, ಬಣ್ಣ ಹಚ್ಚುವ ಮುನ್ನ ಪೆನ್ಸಿಲ್ ಗೆರೆಯಲ್ಲೇ ನೋಡಿಕೊಳ್ಳಿ.