ಕೆಲಸ ಬಿಡದೆ ಕಾನೂನು–ನೀತಿಯಲ್ಲಿ ಡಾಕ್ಟರೇಟ್: ಮಂಡ್ಯದಲ್ಲಿದ್ದುಕೊಂಡೇ ಆಗುತ್ತಾ?

ಕಬ್ಬಿನಜಲ್ಲೆ:
ಎಲ್‌ಎಲ್‌.ಎಂ. ಆಗಿದೆ, 57%. ಮಂಡ್ಯದಲ್ಲಿ ಸರ್ಕಾರಿ ನೌಕರಿ. ಬಾಸ್ಟನ್ನಿನ ನಾರ್ಥ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಇರುವಂತೆ, ಉದ್ಯೋಗದಲ್ಲಿರೋರಿಗೆ ಅಂತಲೇ ಕಾನೂನು ಮತ್ತು ನೀತಿಯ ವೃತ್ತಿಪರ ಡಾಕ್ಟರೇಟ್ ನಮ್ಮ ಕಡೆ ಮಾಡೋಕಾಗುತ್ತಾ? ಮನಸ್ಸಲ್ಲಿರೋ ವಿಷಯ: "ಕರ್ನಾಟಕದ ಕಬ್ಬು ಬೆಳೆಗಾರರ ಸಮಸ್ಯೆಗಳು: ಒಂದು ಕಾನೂನಾತ್ಮಕ ಅಧ್ಯಯನ". ಗೊತ್ತಿರೋರು ದಯವಿಟ್ಟು ಹೇಳಿ.

ಗಂಗೋತ್ರಿ ಕಟ್ಟೆ:
ಆ ಹೆಸರಿನ ಪದವಿ ಹುಡುಕ್ತಾ ಕಾಲ ಕಳೀಬೇಡಿ ಸರ್. ಇಲ್ಲಿ ನಿಮಗಿರೋ ನೇರ ದಾರಿ ಪಾರ್ಟ್‌ಟೈಮ್ ಪಿಎಚ್‌.ಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮಾವಳಿ ಅದನ್ನು ಒಪ್ಪುತ್ತೆ. ಆನ್‌ಲೈನ್, ದೂರಶಿಕ್ಷಣದ ಪಿಎಚ್‌.ಡಿ.ಯನ್ನು ಒಪ್ಪಲ್ಲ. ಕನಿಷ್ಠ 3 ವರ್ಷ, ಗರಿಷ್ಠ 6; ಮರುನೋಂದಣಿ ಸಿಕ್ಕರೆ ಇನ್ನೆರಡು. "ಮನೇಲೇ ಕೂತು ಒಂದೂವರೆ ವರ್ಷಕ್ಕೆ ಡಾಕ್ಟರ್" ಅನ್ನೋ ಫ್ಲೆಕ್ಸು ಕಂಡರೆ ಆಚೆ ರಸ್ತೆ ಹಿಡೀರಿ.

ಸ್ನಾತಕೋತ್ತರದಲ್ಲಿ 55% ಬೇಕು, ನಿಮಗಿದೆ. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯೋದಾದರೆ ಕಾನೂನಿನ ಕೋಡ್ 58. ಪಿಎಚ್‌.ಡಿ. ಪ್ರವೇಶಕ್ಕಷ್ಟೇ ಅರ್ಹತೆ ಬಂದರೆ ಆ ಅಂಕ ಒಂದೇ ವರ್ಷ ನಡೆಯೋದು.

ಜನ ಎಡವೋದು ಎನ್‌ಒಸಿಯಲ್ಲಿ, ಅಂದರೆ ನಿಮ್ಮ ಕಚೇರಿ ಕೊಡೋ ನಿರಾಕ್ಷೇಪಣಾ ಪತ್ರದಲ್ಲಿ. "ಅಭ್ಯಂತರವಿಲ್ಲ" ಅಂತ ಒಂದು ಸಾಲು ಬರೆಸಿಕೊಂಡು ಬಂದರೆ ಸಾಲದು. ಪಾರ್ಟ್‌ಟೈಮ್ ಓದಿಗೆ ಅನುಮತಿ ಇದೆ, ಸಂಶೋಧನೆಗೆ ಸಮಯ ಸಿಗುವಂಥ ಕೆಲಸ, ಬೇಕಾದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡ್ತೀವಿ: ಈ ಮೂರೂ ಪತ್ರದಲ್ಲಿರಬೇಕು. ಆಮೇಲೆ ಗೈಡ್. ಪ್ರೊಫೆಸರ್ ಏಕಕಾಲಕ್ಕೆ 8 ಜನರನ್ನು, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಜನರನ್ನು ಮಾತ್ರ ತಗೋಬಹುದು. ನಿವೃತ್ತಿಗೆ 3 ವರ್ಷದೊಳಗಿರೋರು ಹೊಸಬರನ್ನು ತಗೊಳ್ಳೋ ಹಾಗೇ ಇಲ್ಲ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೋ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೋ ಅರ್ಜಿ ಹಾಕೋ ಮುಂಚೆ ಯಾರ ಹತ್ರ ಜಾಗ ಖಾಲಿ ಇದೆ ವಿಚಾರಿಸಿ.

ಕಲಂ ಮೂರು:
ಆ ಶೀರ್ಷಿಕೆ ಇಟ್ಟುಕೊಂಡು ಹೋದರೆ ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ವಾಪಸ್ ಬರುತ್ತೆ ಕಣ್ರೀ. ಅದರಲ್ಲಿ ವಿಷಯ ಇದೆ, ಪ್ರಶ್ನೆ ಇಲ್ಲ. 1966ರ ಕಬ್ಬು (ನಿಯಂತ್ರಣ) ಆದೇಶದ ಕಲಂ 3 ತೆಗೀರಿ: ಕಬ್ಬು ಕೊಟ್ಟ 14 ದಿನದಲ್ಲಿ ದುಡ್ಡು, ತಪ್ಪಿದರೆ ವರ್ಷಕ್ಕೆ 15% ಬಡ್ಡಿ. "ಮಂಡ್ಯ ಜಿಲ್ಲೆಯಲ್ಲಿ ಐದು ಹಂಗಾಮಿನ ಈ ಬಡ್ಡಿಯನ್ನು ಯಾರು ಲೆಕ್ಕ ಹಾಕಿದರು, ಭೂಕಂದಾಯದ ಬಾಕಿಯಂತೆ ವಸೂಲಿಗೆ ಎಷ್ಟು ಪ್ರಕರಣ ಹೋದವು?" ಇದು ಪ್ರಶ್ನೆ. ಕಾನೂನೂ ಇದೆ, ನೀತಿಯೂ ಇದೆ.

ಖಾಸಗಿ ಕಾರ್ಖಾನೆ ನೇರವಾಗಿ ಆರ್‌ಟಿಐ ವ್ಯಾಪ್ತಿಗೆ ಬರಲ್ಲ. ಜಿಲ್ಲಾಧಿಕಾರಿ ಕಚೇರಿಗೂ ಬೆಂಗಳೂರಿನ ಸಕ್ಕರೆ ನಿರ್ದೇಶಕರ ಕಚೇರಿಗೂ ಹಾಕಿ. ಶುಲ್ಕ 10 ರೂಪಾಯಿ. ರಾಜ್ಯದ ನಿಯಮದಂತೆ ಅರ್ಜಿಗೆ ಒಂದೇ ವಿಷಯ, 150 ಪದ. ಹತ್ತು ವಿಷಯ ತುರುಕಿದರೆ ತಿರಸ್ಕರಿಸೋಕೆ ನೀವೇ ನೆಪ ಕೊಟ್ಟ ಹಾಗೆ. "ಯಾಕೆ ವಸೂಲಿ ಮಾಡಲಿಲ್ಲ" ಅಂತ ಕೇಳಬೇಡಿ, ಆರ್‌ಟಿಐ ಕೊಡಿಸೋದು ದಾಖಲೆ, ವಿವರಣೆ ಅಲ್ಲ. "ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಹೊರಡಿಸಿದ ವಸೂಲಾತಿ ಪತ್ರಗಳ ನಕಲು" ಅಂತ ಕೇಳಿ. 30 ದಿನ ಕಾದು ಮೇಲ್ಮನವಿ. ಇದೆಲ್ಲ ಸಿನಾಪ್ಸಿಸ್‌ಗೂ ಮುಂಚೆ ಆಗಲಿ. ದಾಖಲೆಯೇ ಇಲ್ಲ ಅಂತ ಆಗ ಗೊತ್ತಾದರೆ ಪ್ರಶ್ನೆ ಬದಲಿಸಬಹುದು. ನೋಂದಣಿಯಾಗಿ ಎರಡು ವರ್ಷದ ಮೇಲೆ ಗೊತ್ತಾದರೆ ಕಷ್ಟ.

ಕಬ್ಬಿನಜಲ್ಲೆ:
ತುಂಬಾ ಉಪಕಾರ ಆಯ್ತು. ಕಾನೂನು ವಿಭಾಗವೋ, ಸಾರ್ವಜನಿಕ ಆಡಳಿತವೋ? ಕೃತಿಚೌರ್ಯ ತಪಾಸಣೆಯಲ್ಲಿ ಕಲಂಗಳೆಲ್ಲ ಕೆಂಪಾಗಲ್ವಾ?

ಗಂಗೋತ್ರಿ ಕಟ್ಟೆ:
ಕಲಂಗೆ ಅರ್ಥವೇನು ಅನ್ನೋದು ಮುಖ್ಯವಾದರೆ ಕಾನೂನು. ಕಡತ ಯಾಕೆ ಕದಲಲಿಲ್ಲ ಅನ್ನೋದಾದರೆ ಆಡಳಿತ. ನಿಮ್ಮ ಎಲ್‌ಎಲ್‌.ಎಂ.ಗೆ ಮೊದಲನೇದೇ ಸಲೀಸು.

ಬೇರೆ ಬರಹಗಳ ಜೊತೆ ಹೋಲಿಕೆ 10%ವರೆಗೆ ಇದ್ದರೆ ಯುಜಿಸಿಯ 2018ರ ನಿಯಮ ಬಿಡುತ್ತೆ. 10ರಿಂದ 40 ಆದರೆ 6 ತಿಂಗಳೊಳಗೆ ತಿದ್ದಿ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ಕಾನೂನಿನ ಪಠ್ಯ ಲೆಕ್ಕಕ್ಕಿಲ್ಲ ಅಂತ ಅದರಲ್ಲೇ ಇದೆ, ಆದರೆ ಸಾಫ್ಟ್‌ವೇರ್‌ಗೆ ಅದು ಎಲ್ಲಿ ಗೊತ್ತು! ಕಲಂ, ತೀರ್ಪಿನ ಸಾಲುಗಳಿಗೆಲ್ಲ ಉದ್ಧರಣ ಚಿಹ್ನೆ ಹಾಕಿ. ಗ್ರಂಥಾಲಯದಲ್ಲಿ ವರದಿ ತೆಗೆಸುವಾಗ ಉದ್ಧರಣೆ, ಗ್ರಂಥಸೂಚಿ ಬಿಟ್ಟು ತೆಗೀರಿ ಅಂತ ಹೇಳಿ. ನಿಜವಾಗಿ ಸಿಕ್ಕಿಬೀಳೋದು ಎರಡನೇ ಅಧ್ಯಾಯದಲ್ಲಿ. ಕಾಯ್ದೆಯ ಇತಿಹಾಸ ಅಂತ ಶೋಧಗಂಗಾದಿಂದ (ಪಿಎಚ್‌.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರ) ಎತ್ತಿ ಅಂಟಿಸಿರ್ತಾರಲ್ಲ, ಅಲ್ಲಿ.