ಪಿಎಲ್‌ಎ ಫಿಲ್ಮ್‌ಗೆ ಆಕ್ಸಿಜನ್ ಪ್ಲಾಸ್ಮಾ: ನಾಲ್ಕೇ ದಿನಕ್ಕೆ ನೀರು ಮತ್ತೆ ಮುತ್ತುಗಟ್ಟುತ್ತಿದೆ

ಪ್ರಶ್ನೆ: ಜೀವಕೋಶ ಅಂಟಿಸುವ ಫಿಲ್ಮ್ ಇದು: ಮೆಕ್ಕೆಜೋಳದ ಪಿಷ್ಟ ಮೂಲದ ಪ್ಲಾಸ್ಟಿಕ್ ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಮ್ಲ), ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ ಎರಕ ಹೊಯ್ದದ್ದು. ಮೇಲ್ಮೈಯಲ್ಲಿ ನೀರು ಹರಡಲೆಂದು ಆಕ್ಸಿಜನ್ ಪ್ಲಾಸ್ಮಾ (ವಿದ್ಯುತ್ತಿನಿಂದ ಅಯಾನೀಕರಿಸಿದ ಅನಿಲ) ಕೊಟ್ಟದ್ದು 13.56 ಮೆಗಾಹರ್ಟ್ಸ್, 100 ವ್ಯಾಟ್, 5 ನಿಮಿಷ. ಸಂಪರ್ಕ ಕೋನ (ನೀರಿನ ಹನಿ ಮೇಲ್ಮೈಯೊಡನೆ ಮಾಡುವ ಕೋನ, ಕಡಿಮೆಯಾದಷ್ಟೂ ನೀರು ಹರಡುತ್ತದೆ) 78ರಿಂದ 38 ಡಿಗ್ರಿಗೆ ಇಳಿಯುತ್ತದೆ, ನಾಲ್ಕನೇ ದಿನ ಮತ್ತೆ 62. ಅಂಚು ಮುದುಡುತ್ತದೆ. ಜೀವಕೋಶ ಅಂಟುವುದೂ ತುಂಡಿಗೊಂದು ಥರ. ಎಲ್ಲಿ ತಪ್ಪು?

ಉತ್ತರ 1: 5 ನಿಮಿಷ ವಿಪರೀತ. ಪಿಎಲ್‌ಎ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಮುದುಡುವುದು ಅದಕ್ಕೇ. ಜೊತೆಗೆ ಪ್ಲಾಸ್ಟಿಕ್‌ನ ಅಣು ಸರಪಳಿಗಳು ತುಂಡಾಗಿ ಮೇಲೆ ಸಡಿಲ ಪದರ ಕೂರುತ್ತದೆ. ಪರೀಕ್ಷೆ ಸುಲಭ: ಟ್ರೀಟ್ ಆದ ತುಂಡನ್ನು ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ಒಣಗಿಸಿ, ಕೋನ ಅಳೆಯಿರಿ. ತಟ್ಟನೆ ಏರಿದರೆ ನೀವು ಅಳೆದದ್ದು ಆ ಕಸವನ್ನೇ. ಕೋಶಗಳೂ ಅದರ ಜೊತೆಗೇ ಕಿತ್ತು ಬರುತ್ತವೆ. 50 ವ್ಯಾಟ್, 30–60 ಸೆಕೆಂಡಿನಿಂದ ಶುರು ಮಾಡಿ.

ಉತ್ತರ 2: ಕ್ಲೋರೋಫಾರ್ಮ್ ಪೂರ್ತಿ ಹೋಗಿದೆಯೇ? 40 ಡಿಗ್ರಿಯಲ್ಲಿ ರಾತ್ರಿಯಿಡೀ ವ್ಯಾಕ್ಯೂಮ್‌ನಲ್ಲಿ ಒಣಗಿಸಿ. ಉಳಿದರೆ ಚೇಂಬರಿನಲ್ಲಿ ಆವಿ ಬಿಟ್ಟು ಅನಿಲದ ಮಿಶ್ರಣವೇ ಕೆಡುತ್ತದೆ. ಪ್ಲಾಸ್ಮಾ ಹೊಳಪಿನ ಬಣ್ಣವನ್ನೂ ನೋಡಿ: ಆಕ್ಸಿಜನ್ ಮಸುಕು ಬಿಳಿ, ಗುಲಾಬಿ-ನೇರಳೆ ಕಂಡರೆ ಗಾಳಿ ಸೋರಿಕೆ. ಎಲೆಕ್ಟ್ರೋಡ್ ಮೇಲೆ ಮಲಗಿಸಿದರೆ ಒಂದೇ ಮಗ್ಗುಲು ಟ್ರೀಟ್ ಆಗುತ್ತದೆ, ಮೂಲೆಗೆ ಗುರುತು ಗೀರಿ. ತಿರುಗುಮುರುಗಾದ ಫಿಲ್ಮೇ ಎಷ್ಟೋ ಸಲ ‘ಏರುಪೇರಿನ ಫಲಿತಾಂಶ’!

ಉತ್ತರ 3: ಕೋನ ಏರುವುದನ್ನು ಪೂರ್ತಿ ತಡೆಯಲಾಗದು, ನೀರನ್ನು ಸೆಳೆಯುವ ಧ್ರುವೀಯ ಗುಂಪುಗಳು ಒಳಕ್ಕೆ ಮಗುಚಿಕೊಳ್ಳುತ್ತವೆ. ತಂಪಿನಲ್ಲಿಟ್ಟರೆ ನಿಧಾನ, ಅಷ್ಟೇ. ಪ್ಲಾಸ್ಮಾ ಆದ ಗಂಟೆಯೊಳಗೇ ಕೊಲಾಜೆನ್ ಅಥವಾ ಜೆಲಾಟಿನ್ ಲೇಪಿಸಿ. ಸ್ಟೆರಿಲೈಸ್ ಮಾಡಲು 121 ಡಿಗ್ರಿ ಸೆಲ್ಸಿಯಸ್‌ನ ಆಟೋಕ್ಲೇವ್‌ಗಂತೂ (ಒತ್ತಡದ ಹಬೆಯ ಯಂತ್ರ) ಹಾಕಬೇಡಿ. ಎಥಿಲೀನ್ ಆಕ್ಸೈಡ್ ಅನಿಲ ಬಳಸಿದರೆ ಕೋನವನ್ನು ಸ್ಟೆರಿಲೈಸ್ ಆದ ಮೇಲೂ ಅಳೆಯಿರಿ, ಕೋಶಕ್ಕೆ ಸಿಗುವುದು ಆ ಮೇಲ್ಮೈ.